ಪ್ಲಗ್ಗಿನ ಸುತ್ತ ಆಯಿಲ್ ಯಾಕೆ ಬರುತ್ತದೆ?

ಪೆಟ್ರೋಲಿನಲ್ಲಿ ಓಡುವ ಎಲ್ಲಾ ಗಾಡಿಗಳಿಗೂ ಸ್ಪಾರ್ಕ್ ಪ್ಲಗ್ ಇರುತ್ತದೆ. ಬೈಕಿನಲ್ಲಿ ನೀವು ನೋಡಿಯೇ ಇರುತ್ತೀರಿ. ಟ್ರ್ಯಾಕ್ಟರಿನಂಥ ಡೀಸೆಲ್ ಗಾಡಿಗೆ ಇದು ಬೇಕಾಗಿಲ್ಲ. ನಾಲ್ಕು ಸಿಲಿಂಡರಿನ ಕಾರಿಗೆ ಸಾಮಾನ್ಯವಾಗಿ ನಾಲ್ಕು ಪ್ಲಗ್. ಹಳೆಯ ಕಾರುಗಳಲ್ಲಿ ಈ ಪ್ಲಗ್ಗಿನ ಸುತ್ತ ಆಯಿಲ್ ಒಸರುವುದು ತುಂಬಾ ಸಾಮಾನ್ಯ. ಅದನ್ನು ಕಂಡ ಕೂಡಲೇ ಕೆಲವರು “ಇಂಜಿನ್ ಬೋರಿಗೆ ಬಂದಿದೆ, ಬಿಚ್ಚಬೇಕು” ಅಂದುಬಿಡುತ್ತಾರೆ. ಆದರೆ ಆಯಿಲ್ ಪ್ಲಗ್ಗಿನ ಮೇಲಿನ ತುದಿಯಲ್ಲಿದೆಯೋ ಕೆಳಗಿನ ತುದಿಯಲ್ಲಿದೆಯೋ ಅಂತ ನೋಡದೆ ಹಾಗೆ ಹೇಳಬಾರದು. ಮೇಲೆ ಇದ್ದರೆ ಸಣ್ಣ ಖರ್ಚು. ಕೆಳಗೆ ಇದ್ದರೆ ದೊಡ್ಡ ಖರ್ಚು ಇರಬಹುದು. ನಮ್ಮ ಸೋದರಮಾವ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಾರೆ. ರಜೆಯಲ್ಲಿ ಅವರ ಜೊತೆ ಇದ್ದು ನೋಡಿದ್ದನ್ನು, ಕೇಳಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಪ್ಲಗ್ ಅಂದರೆ ಒಂದು ಬೆರಳಿನಷ್ಟು ಉದ್ದದ ಸಾಮಾನು. ಮೇಲ್ಗಡೆ ಬಿಳೀ ಪಿಂಗಾಣಿ, ನಡುವೆ ಆರು ಮೂಲೆಯ ನಟ್ಟು, ಅದರ ಕೆಳಗೆ ಥ್ರೆಡ್. ತುದಿಯಲ್ಲಿ ಎರಡು ಲೋಹದ ಮೊನೆಗಳು ಎದುರುಬದುರಾಗಿರುತ್ತವೆ. ಅವುಗಳ ನಡುವಿನ ಸಂದು ಸುಮಾರು 1 ಮಿಲಿಮೀಟರ್, ಹಳೇ ಗಾಡಿಗಳಲ್ಲಿ ಅದಕ್ಕಿಂತ ಸ್ವಲ್ಪ ಕಮ್ಮಿ. ಬ್ಯಾಟರಿಯ 12 ವೋಲ್ಟನ್ನು ಕಾಯಿಲ್ 10,000 ವೋಲ್ಟಿಗಿಂತ ಜಾಸ್ತಿ ಮಾಡಿ ಕಳಿಸುತ್ತದೆ. ಆಗ ಆ ಸಂದಿನಲ್ಲಿ ಕಿಡಿ ಹಾರಿ ಪೆಟ್ರೋಲ್ ಹತ್ತಿಕೊಳ್ಳುತ್ತದೆ. ನಮ್ಮ ಕಡೆ ಹಳೇ ಮೆಕ್ಯಾನಿಕ್ಕುಗಳು ಇದಕ್ಕೆ ‘ಮೈಕೋ ಪ್ಲಗ್’ ಅಂತಲೇ ಅನ್ನುತ್ತಾರೆ. ಮೈಕೋ 1951ರಲ್ಲಿ ಶುರುವಾದ ಬೆಂಗಳೂರಿನ ಕಂಪನಿ. 2008ರಲ್ಲಿ ಅದರ ಹೆಸರು ಬಾಷ್ ಅಂತ ಬದಲಾಯಿತು. ಜನರ ಬಾಯಲ್ಲಿ ಮಾತ್ರ ಬದಲಾಗಿಲ್ಲ.

ಇಂಜಿನ್ನಿನ ತಲೆಯನ್ನು ಎರಡು ಮನೆ ಅಂತ ತಿಳಿದುಕೊಳ್ಳಿ. ಮೇಲಿನ ಮನೆಯಲ್ಲಿ ವಾಲ್ವುಗಳನ್ನು ಒತ್ತುವ ಕ್ಯಾಮು, ರಾಕರುಗಳು ಆಯಿಲಿನಲ್ಲಿ ನೆನೆಯುತ್ತಾ ತಿರುಗುತ್ತಿರುತ್ತವೆ. ಅದರ ಮುಚ್ಚಳಕ್ಕೆ ಟ್ಯಾಪೆಟ್ ಕವರ್ ಅನ್ನುತ್ತಾರೆ. ಕೆಳಗಿನ ಮನೆ ಅಂದರೆ ಪೆಟ್ರೋಲ್ ಉರಿಯುವ ಸಿಲಿಂಡರ್. ಅಲ್ಲಿಗೆ ಆಯಿಲ್ ಹೋಗದ ಹಾಗೆ ಪಿಸ್ಟನ್ನಿನ ರಿಂಗುಗಳು, ವಾಲ್ವ್ ಸೀಲುಗಳು ತಡೆಯುತ್ತವೆ. ಪ್ಲಗ್ಗಿನ ಪಿಂಗಾಣಿ ತಲೆ ಹೊರಗಿರುತ್ತದೆ, ಮೊನೆ ಕೆಳಗಿನ ಮನೆಯಲ್ಲಿರುತ್ತದೆ. ಹಾಗಾಗಿ ಯಾವ ಮನೆ ಸೋರುತ್ತಿದೆ ಅಂತ ಪ್ಲಗ್ಗೇ ಹೇಳಿಬಿಡುತ್ತದೆ.

ಅಂಬಾಸಡರ್ ಕಾರಿನ ಹಳೇ ಪೆಟ್ರೋಲ್ ಇಂಜಿನ್ನಿನಲ್ಲಿ ಪ್ಲಗ್ಗುಗಳು ಪಕ್ಕದಲ್ಲಿ ಸಾಲಾಗಿರುತ್ತವೆ. ಮೇಲಿನ ಮುಚ್ಚಳಕ್ಕೆ ಕಾರ್ಕಿನ ಪ್ಯಾಕಿಂಗ್. ಅದು ಒಣಗಿ ಬಿರಿದರೆ ಆಯಿಲ್ ಹೊರಗಿನಿಂದಲೇ ಇಳಿಯುವುದು ಕಣ್ಣಿಗೆ ಕಾಣುತ್ತದೆ. 16 ವಾಲ್ವಿನ ಮಾರುತಿ ಎಸ್ಟೀಮಿನಂಥ ಕಾರಿನಲ್ಲಿ ಹಾಗಲ್ಲ. ಪ್ಲಗ್ ನಡುಮಧ್ಯೆ, ಆಳವಾದ ಗುಂಡಿಯಲ್ಲಿ ಕೂತಿರುತ್ತದೆ. ಆ ಗುಂಡಿ ಟ್ಯಾಪೆಟ್ ಕವರನ್ನು ಹಾದು ಹೋಗುತ್ತದೆ. ಸುತ್ತಲೂ ಆಯಿಲ್, ನಡುವೆ ಒಣಗಿರಬೇಕಾದ ಗುಂಡಿ! ಎರಡನ್ನೂ ಬೇರೆ ಮಾಡುವುದು ಬರೀ ಒಂದು ರಬ್ಬರ್ ಉಂಗುರ. ಮನೆಯಲ್ಲಿ ಕುಕ್ಕರಿನ ರಬ್ಬರ್ ಹಳೆಯದಾಗಿ ಗಟ್ಟಿಯಾದರೆ ಹಬೆ ಸೋರುತ್ತದಲ್ಲ, ಇದೂ ಹಾಗೇ. ಕಾಯ್ದು ಕಾಯ್ದು ಗಟ್ಟಿಯಾಗುತ್ತದೆ, ಆಯಿಲ್ ಗುಂಡಿಗೆ ಇಳಿಯುತ್ತದೆ. ಕ್ಯಾಪ್ ತೆಗೆಯುವವರೆಗೂ ಯಾರಿಗೂ ಗೊತ್ತಾಗುವುದಿಲ್ಲ.

ನಮ್ಮೂರಿನಲ್ಲಿ ಬಾಡಿಗೆಗೆ ಓಡುವುದು ಅಂಥದ್ದೇ ಒಂದು ಎಸ್ಟೀಮ್. ರಾತ್ರಿ ಹೊತ್ತು ಹೆರಿಗೆ ನೋವು ಬಂದರೆ ಜನ ಮೊದಲು ಬಡಿಯೋದು ಆ ಅಣ್ಣನ ಮನೆ ಬಾಗಿಲನ್ನೇ. ಹೋದ ಮಳೆಗಾಲದಲ್ಲಿ ಆ ಕಾರು ಮಿಸ್ಸಿಂಗ್ ಹೊಡೆಯೋಕೆ ಶುರುವಾಯಿತು. ಏರಿನಲ್ಲಿ ಪಿಕಪ್ಪೇ ಇಲ್ಲ. ಪೇಟೆಯ ಒಂದು ಕಡೆ ತೋರಿಸಿದಾಗ, ಪ್ಲಗ್ಗಿನಲ್ಲಿ ಆಯಿಲ್ ಇದೆ, ಬೋರ್ ಮಾಡಿಸಬೇಕು, 35 ಸಾವಿರ ಆಗುತ್ತೆ ಅಂದರಂತೆ. ಆ ಅಣ್ಣ ಹಾಲು ಕರೆಯುವ ಹಸು ಮಾರೋದಾ, ಕಾರು ಮಾರೋದಾ ಅಂತ ಕೂತಿದ್ದರು.

ಮಾವ ಬಂದವರೇ ಮೊದಲು ಕೇಳಿದ್ದು, “ಹೊಗೆ ಬರ್ತದೇನಣ್ಣ?”

“ಇಲ್ಲ ಕಣಪ್ಪಾ, ಹೊಗೆ ಏನೂ ಕಾಣೆ.”

“ಆಯಿಲ್ ಪದೇ ಪದೇ ಹಾಕ್ತಿದೀಯಾ?”

“ಬದಲಾಯಿಸಿದ ಮೇಲೆ ಒಂದೇ ಸಲ ಚೂರು ಹಾಕಿದ್ದು.”

ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಮಾವ ಕ್ಯಾಪುಗಳನ್ನು ಒಂದೊಂದಾಗಿ ಎಳೆದರು. ಎರಡನೇದು, ಮೂರನೇದು ಆಯಿಲಿನಲ್ಲಿ ಅದ್ದಿದ ಹಾಗಿದ್ದವು. ರಬ್ಬರ್ ಊದಿಕೊಂಡು ಮೆತ್ತಗಾಗಿತ್ತು. ಇಲ್ಲಿ ಒಂದು ಎಚ್ಚರಿಕೆ ಇದೆ. ಗುಂಡಿಯಲ್ಲಿ ಆಯಿಲ್ ಇರುವಾಗಲೇ ಪ್ಲಗ್ ಬಿಚ್ಚಬಾರದು. ಬಿಚ್ಚಿದರೆ ಅದೆಲ್ಲ ಮಣ್ಣು ಸಮೇತ ಸಿಲಿಂಡರಿಗೆ ಸುರಿಯುತ್ತದೆ. ಪ್ಲಗ್ಗಿನ ತುದಿಯೂ ನೆನೆದು ಯಾವ ಮನೆಯ ಆಯಿಲ್ ಅಂತ ಗೊತ್ತಾಗದೇ ಹೋಗುತ್ತದೆ. ಮಾವ ಮೆಡಿಕಲ್ ಶಾಪಿನ ಸಿರಿಂಜಿಗೆ ಸೈಕಲ್ಲಿನ ವಾಲ್ ಟ್ಯೂಬ್ ಸಿಕ್ಕಿಸಿ ಆಯಿಲನ್ನೆಲ್ಲ ಎಳೆದರು. ಆಮೇಲೆ ಕಡ್ಡಿಗೆ ಬಟ್ಟೆ ಸುತ್ತಿ ಒರೆಸಿದರು. ಆಮೇಲೇ ಪ್ಲಗ್ ಬಿಚ್ಚಿದ್ದು. ನಾಲ್ಕರ ತುದಿಯೂ ಒಣಗಿತ್ತು. ಬಣ್ಣ ಹಾಲು ಜಾಸ್ತಿ ಹಾಕಿದ ಕಾಫಿ ಥರ. ಅದು ಚೆನ್ನಾಗಿ ಉರಿಯುತ್ತಿರುವ ಸಿಲಿಂಡರಿನ ಬಣ್ಣವಂತೆ. “ರಿಂಗ್ ಸರಿ ಇದೆ, ಮೇಲಿನ ಪ್ಯಾಕಿಂಗ್ ಹೋಗಿದೆ ಅಷ್ಟೆ” ಅಂದರು. ಕಂಪ್ರೆಷನ್ನನ್ನೂ ಗೇಜ್ ಇಟ್ಟು ನೋಡಿದರು. ನಾಲ್ಕೂ ಹತ್ತಿರ ಹತ್ತಿರ ಇದ್ದವು. ಟ್ಯಾಪೆಟ್ ಕವರ್ ಪ್ಯಾಕಿಂಗ್, ಗುಂಡಿಯ ರಬ್ಬರುಗಳು, ಹಾಳಾದ ಕ್ಯಾಪು ಎಲ್ಲಾ ಸೇರಿ ಎರಡು ಸಾವಿರ ದಾಟಲಿಲ್ಲ. ಹಸು ಕೊಟ್ಟಿಗೆಯಲ್ಲೇ ಉಳಿಯಿತು.

ನನಗೆ ಒಂದು ಅನುಮಾನ ಇತ್ತು. ಆಯಿಲಿನಲ್ಲಿ ಕರೆಂಟು ಸುಲಭವಾಗಿ ಹಾಯುವುದಿಲ್ಲ ಅಂತ ವಿಜ್ಞಾನದಲ್ಲಿ ಓದಿದ್ದೇವೆ. ಹಾಗಾದರೆ ಮಿಸ್ಸಿಂಗ್ ಯಾಕೆ? ಮಾವ ಹೇಳಿದ್ದು ಹೀಗೆ: ತಪ್ಪು ಆಯಿಲಿನದಲ್ಲ, ಅದು ಕೆಡಿಸುವ ರಬ್ಬರಿನದು. ಕ್ಯಾಪಿನ ರಬ್ಬರ್ ಆಯಿಲ್ ಕುಡಿದು ಸಡಿಲವಾಗಿ ಬಿರಿಯುತ್ತದೆ. ಧೂಳು ಮಸಿ ಅಂಟಿಕೊಳ್ಳುತ್ತದೆ. ಕಿಡಿ ಕೆಳಗಿನ ಸಂದಿಗೆ ಹೋಗುವ ಬದಲು ಆ ಬಿರುಕಿನಿಂದ ಪಕ್ಕದ ಲೋಹಕ್ಕೆ ಹಾರಿಬಿಡುತ್ತದೆ. ಪ್ಲಗ್ ಹೊರಗಡೆ ಇರುವ ಗಾಡಿಯಲ್ಲಾದರೆ ಕತ್ತಲಲ್ಲಿ ಇದು ನೀಲಿಯಾಗಿ ಕಾಣುತ್ತದೆ. ದೂರದಿಂದ ನೋಡಬೇಕು, ಕೈ ಹಾಕಿದರೆ ಜೋರಾಗಿ ಶಾಕ್ ಹೊಡೆಯುತ್ತದೆ.

ಇನ್ನು ತುದಿಯೇ ಆಯಿಲಿನಲ್ಲಿ ನೆನೆದು ಕಪ್ಪಗೆ ಹೊಳೆಯುತ್ತಿದ್ದರೆ ಸೋರುತ್ತಿರುವುದು ಕೆಳಗಿನ ಮನೆ. ಸೈಲೆನ್ಸರಿನಲ್ಲಿ ನೀಲಿ ಹೊಗೆಯೂ ಬರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದಿಷ್ಟು ಬಂದು ನಿಂತರೆ ಹೆಚ್ಚಾಗಿ ವಾಲ್ವ್ ಸೀಲು. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಬಂದರೆ ರಿಂಗಿನ ಮೇಲೆ ಅನುಮಾನ. ಆಗ ಕಂಪ್ರೆಷನ್ ಕಮ್ಮಿ ಇರುವ ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ಗೇಜ್ ನೋಡುತ್ತಾರೆ. ಮುಳ್ಳು ಚೆನ್ನಾಗಿ ಮೇಲೇರಿದರೆ ರಿಂಗ್ ಸವೆದಿದೆ ಅಂತ ಅರ್ಥ. ಯಾಕಂದರೆ ಹಾಕಿದ ಆಯಿಲ್ ಸ್ವಲ್ಪ ಹೊತ್ತು ಆ ಸಂದನ್ನು ಮುಚ್ಚುತ್ತದೆ. ಏರದಿದ್ದರೆ ವಾಲ್ವ್ ಕಡೆ ನೋಡಬೇಕು.

ಹೊರಗಡೆ ಎಲ್ಲಿಂದ ಒಸರುತ್ತಿದೆ ಅಂತ ತಿಳಿಯದಿದ್ದರೆ ನಮ್ಮ ಶಾಲೆಯ ಸಾಮಾನೇ ಸಾಕು. ಕವರಿನ ಅಂಚನ್ನು ಒರೆಸಿ ಒಣಗಿಸಿ ಸೀಮೆಸುಣ್ಣದ ಪುಡಿ ಉದುರಿಸಬೇಕು. ಪ್ಲಗ್ಗುಗಳು ಅವುಗಳ ಜಾಗದಲ್ಲೇ ಇರಬೇಕು, ಪುಡಿ ಒಳಗೆ ಬೀಳಬಾರದು. ಹದಿನೈದು ನಿಮಿಷ ಇಂಜಿನ್ ಓಡಿಸಿ ನಿಲ್ಲಿಸಿದರೆ ಪುಡಿ ಎಲ್ಲಿ ಮೊದಲು ನೆನೆದಿದೆಯೋ ಅಲ್ಲೇ ತೂತು. ಸೋರುತ್ತದೆ ಅಂತ ಬೋಲ್ಟನ್ನು ಬಲವಾಗಿ ಬಿಗಿಯುವುದು ತಪ್ಪು. ಕವರ್ ಸೊಟ್ಟಗಾಗಿ ಇನ್ನೂ ಜಾಸ್ತಿ ಸೋರುತ್ತದೆ. ನಡುವಿನಿಂದ ಶುರುಮಾಡಿ ಎದುರುಬದುರಾಗಿ ಸಮನಾಗಿ ಬಿಗಿಯಬೇಕು.

ಹೊಸ ಪ್ಯಾಕಿಂಗ್ ಹಾಕಿದ ಮೇಲೂ ಒಸರಿದರೆ ಬ್ರೀದರ್ ಪೈಪ್ ನೋಡಿ. ಇಂಜಿನ್ನಿನ ಒಳಗಿನ ಗಾಳಿ ಹೊರಬರುವ ದಾರಿ ಅದು. ಅದರಲ್ಲಿ ಮಡ್ಡಿ ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ ಎಷ್ಟೇ ಒಳ್ಳೇ ರಬ್ಬರ್ ಇದ್ದರೂ ಆಯಿಲನ್ನು ತಳ್ಳುತ್ತದೆ.

ಕೆಲವು ಪ್ಲಗ್ಗುಗಳಲ್ಲಿ ಪಿಂಗಾಣಿಯ ಬುಡದಲ್ಲಿ, ನಟ್ಟಿನ ಮೇಲೆ, ಒಂದು ಕಂದು ಬಣ್ಣದ ಉಂಗುರ ಕಾಣುತ್ತದೆ. ಒರೆಸಿದರೂ ಹೋಗಲ್ಲ. ಅದು ಸೋರಿಕೆ ಅಲ್ಲ. ಹೆಚ್ಚು ವೋಲ್ಟೇಜಿನಿಂದ ಗಾಳಿಯಲ್ಲಿರುವ ಆಯಿಲಿನ ಕಣಗಳು ಅಲ್ಲಿ ಅಂಟಿಕೊಂಡು ಆದ ಕಲೆ. ಬೇರೆ ತೊಂದರೆ ಇಲ್ಲದಿದ್ದರೆ ಆ ಪ್ಲಗ್ಗನ್ನು ಬಿಸಾಡಬೇಡಿ, ಹಾಗೇ ಹಾಕಬಹುದು.