ಕರಿಯ ತೋಳುಪಟ್ಟಿಯೂ ಶಾಲೆಯ ಉಡುಪಿನ ಕಟ್ಟಳೆಯೂ

ವಿದ್ಯಾರ್ಥಿಗಳ ವೇಷಭೂಷಣವನ್ನು ಕುರಿತು ವಿವಾದವೆದ್ದಾಗ, ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1969ರ ಫೆಬ್ರವರಿ 24ರಂದು ಟಿಂಕರ್ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪನ್ನು ಆಧಾರವಾಗಿ ಹೇಳುವುದುಂಟು. ಇಷ್ಟಬಂದ ಉಡುಪನ್ನು ತೊಡುವ ಹಕ್ಕನ್ನು ಅದು ಮಕ್ಕಳಿಗೆ ದೊರಕಿಸಿತೆಂಬ ಭಾವನೆಯೂ ಇದೆ. ತೀರ್ಪನ್ನು ಓದಿ ನೋಡಿದರೆ ಸಂಗತಿಯು ಬೇರೆಯೇ ಆಗಿದೆ.

1965ರ ಡಿಸೆಂಬರಿನಲ್ಲಿ ಅಯೋವಾ ಸಂಸ್ಥಾನದ ಡೆ ಮಾಯ್ನ್ ನಗರದ ಕೆಲವು ವಿದ್ಯಾರ್ಥಿಗಳು, ವಿಯೆಟ್ನಾಂ ಯುದ್ಧದಲ್ಲಿ ಮಡಿದವರಿಗಾಗಿ ಶೋಕವನ್ನೂ ಕದನವಿರಾಮದ ಬಯಕೆಯನ್ನೂ ಸೂಚಿಸಲು ತೋಳಿಗೆ ಕರಿಯ ಪಟ್ಟಿ ಕಟ್ಟಿಕೊಳ್ಳಲು ನಿಶ್ಚಯಿಸಿದರು. ಸುದ್ದಿ ತಿಳಿದ ಮುಖ್ಯೋಪಾಧ್ಯಾಯರು 14ರಂದು ಸಭೆ ಸೇರಿ, ಪಟ್ಟಿಯನ್ನು ತೆಗೆಯಲೊಪ್ಪದವರನ್ನು ಶಾಲೆಯಿಂದ ಹೊರಗಿಡತಕ್ಕದ್ದೆಂದು ನಿಯಮ ಮಾಡಿದರು. 16ರಂದು ಹದಿಮೂರು ವರ್ಷದ ಮೇರಿ ಬೆತ್ ಟಿಂಕರ್ ಮತ್ತು ಹದಿನಾರರ ಕ್ರಿಸ್ಟೊಫರ್ ಎಕ್‌ಹಾರ್ಟ್, ಮರುದಿನ ಮೇರಿಯ ಅಣ್ಣ ಜಾನ್ ಪಟ್ಟಿ ಕಟ್ಟಿಕೊಂಡು ಬಂದರು. 18,000 ವಿದ್ಯಾರ್ಥಿಗಳಿದ್ದ ಆ ಶಾಲಾವ್ಯವಸ್ಥೆಯಲ್ಲಿ ಹೊರಹಾಕಲ್ಪಟ್ಟವರು ಐವರೇ.

ಕೆಳಗಿನ ನ್ಯಾಯಾಲಯವು ಶಾಲೆಯ ಪಕ್ಷವನ್ನು ಎತ್ತಿಹಿಡಿಯಿತು. ಮೇಲ್ಮನವಿಯಲ್ಲಿ ನ್ಯಾಯಾಧೀಶರು ಸರಿಸಮನಾಗಿ ಒಡೆದುದರಿಂದ ಅದೇ ನಿಂತಿತು. ಸರ್ವೋಚ್ಚ ನ್ಯಾಯಾಲಯದಲ್ಲಿ ಮಾತ್ರ ಏಳು ಮಂದಿ ಮಕ್ಕಳ ಕಡೆ, ಇಬ್ಬರು ವಿರುದ್ಧ. ಪಾಠಪ್ರವಚನಗಳಿಗೆ ಗಣನೀಯವಾದ ಅಡ್ಡಿಯೋ ಇತರರ ಹಕ್ಕಿಗೆ ಚ್ಯುತಿಯೋ ಒದಗುವಂತಿದ್ದರೆ ಶಾಲೆಯು ತಡೆಯಬಹುದು, ಬರಿಯ ಅಂಜಿಕೆಯು ಸಾಲದು ಎಂದು ನ್ಯಾಯಮೂರ್ತಿ ಏಬ್ ಫೋರ್ಟಾಸ್ ಬರೆದರು. ಅವರು ಗಮನಿಸಿದ ಒಂದು ಸಂಗತಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಅದೇ ಶಾಲೆಗಳಲ್ಲಿ ಚುನಾವಣೆಯ ಬಿಲ್ಲೆಗಳಿಗೆ ಅಡ್ಡಿಯಿರಲಿಲ್ಲ. ನಾಜಿಗಳನ್ನು ನೆನಪಿಗೆ ತರುವ ಕಬ್ಬಿಣದ ಶಿಲುಬೆಯನ್ನು ಧರಿಸಿದವರೂ ಇದ್ದರು. ನಿಷೇಧವು ತಗುಲಿದ್ದು ಎರಡು ಅಂಗುಲದ ಕರಿಬಟ್ಟೆಯೊಂದಕ್ಕೆ. ಎಂದರೆ, ಶಾಲೆಯು ಅಳೆದದ್ದು ಬಟ್ಟೆಯನ್ನಲ್ಲ, ಅಭಿಪ್ರಾಯವನ್ನು.

ಭಿನ್ನಮತವನ್ನಿತ್ತ ಹ್ಯೂಗೊ ಬ್ಲ್ಯಾಕ್ ವಾಕ್‌ಸ್ವಾತಂತ್ರ್ಯದ ಪ್ರಬಲ ಪಕ್ಷಪಾತಿಯೆಂದು ಹೆಸರಾದವರು. ಪಟ್ಟಿಯ ಬಗೆಗಿನ ವಾದದಿಂದ ಗಣಿತದ ಪಾಠವೊಂದು ಕೆಟ್ಟುಹೋದುದನ್ನು ಅವರು ಎತ್ತಿ ತೋರಿಸಿದರು. ತರಗತಿಯಲ್ಲಿ ನಿಂತು ಪಾಠ ಹೇಳುವ ನಾವು ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾರೆವು.

ಇನ್ನು ಉಡುಪಿನ ಮಾತು. ಲಂಗದ ಉದ್ದ, ಬಟ್ಟೆಯ ಬಗೆ, ಕೇಶವಿನ್ಯಾಸ ಇವುಗಳ ನಿಯಮಕ್ಕೆ ಈ ಮೊಕದ್ದಮೆ ಸಂಬಂಧಿಸಿದ್ದಲ್ಲವೆಂದು ಫೋರ್ಟಾಸ್ ಸ್ಪಷ್ಟವಾಗಿಯೇ ಹೇಳಿದ್ದಾರೆ. ಬಹುಕಾಲ ಉದ್ಧರಿಸಲ್ಪಟ್ಟ ತೀರ್ಪಿನಲ್ಲಿ ಇದೊಂದು ವಾಕ್ಯವನ್ನು ಹಲವರು ದಾಟಿಹೋಗುತ್ತಾರೆ. ಆ ಪ್ರಶ್ನೆ ಬೇಗನೆ ಬಂದೇ ಬಂದಿತು, ಹುಡುಗರ ನೀಳಗೂದಲಿನ ರೂಪದಲ್ಲಿ. ಬೇರೆ ಬೇರೆ ಪ್ರಾಂತಗಳ ಮೇಲ್ಮನವಿ ನ್ಯಾಯಾಲಯಗಳು ಒಂದಕ್ಕೊಂದು ವಿರುದ್ಧವಾದ ತೀರ್ಪುಗಳನ್ನಿತ್ತವು. ಸರ್ವೋಚ್ಚ ನ್ಯಾಯಾಲಯವು ಆ ವಿವಾದವನ್ನು ಕೈಗೆತ್ತಿಕೊಳ್ಳಲಿಲ್ಲ. ಮ್ಯಾಸಚೂಸೆಟ್ಸಿನ ಹದಿನೇಳರ ವಿದ್ಯಾರ್ಥಿಯೊಬ್ಬನ ಪಕ್ಷವನ್ನು 1970ರಲ್ಲಿ ಎತ್ತಿಹಿಡಿದ ನ್ಯಾಯಾಲಯವು ಕೂಡ, ಕೂದಲನ್ನು ಮಾತಿನ ಸಮವೆಂದೆಣಿಸದೆ, ವ್ಯಕ್ತಿಯ ಸ್ವಾತಂತ್ರ್ಯವನ್ನೇ ಆಧಾರವಾಗಿ ಹಿಡಿಯಿತು. ಶಾಲೆಗೊಂದು ಉಡುಪು ತೊಟ್ಟವರು ಮನೆಗೆ ಹೋಗಿ ಬೇರೊಂದನ್ನು ತೊಡಬಹುದು. ಬೆಳಗ್ಗೆ ಮೋಟಾಗಿದ್ದ ಕೂದಲನ್ನು ಸಂಜೆಗೆ ನೀಳ ಮಾಡಿಕೊಳ್ಳಲಾಗದು ಎಂಬುದು ಅದು ತೋರಿದ ಕಾರಣಗಳಲ್ಲೊಂದು.