ಸನಾ ಮಕ್ಕಿ, ಸೋನಾಮುಖಿ ಮತ್ತು ‘ಸರ’ ಗುಣ

ದೋಹಾಕ್ಕೆ ಬಂದ ಹೊಸದರಲ್ಲಿ ನಮ್ಮಲ್ಲಿ ಸುಮಾರು ಜನರನ್ನು ಕಾಡುವ, ಆದರೆ ಯಾರೂ ಬಾಯಿಬಿಟ್ಟು ಹೇಳದ ತೊಂದರೆ ಒಂದಿದೆ: ಮಲಬದ್ಧತೆ. ಮಧ್ಯಾಹ್ನ ಖುಬ್ಬೂಸ್, ರಾತ್ರಿ ಶವರ್ಮಾ, ದಿನವಿಡೀ ಎ.ಸಿ. ಆ ತಂಪಿನಲ್ಲಿ ಬಾಯಾರಿಕೆಯೇ ಗೊತ್ತಾಗಲ್ಲ, ನೀರು ಕುಡಿಯೋದು ಮರೆತೇ ಹೋಗುತ್ತೆ. ಹೋದ ವರ್ಷ ನಮ್ಮ ರೂಮಿನ ಗೆಳೆಯನೊಬ್ಬ ಸೂಕ್ ವಾಕಿಫ್‌ನ ಮಸಾಲೆ ಅಂಗಡಿಯಿಂದ ‘ಸನಾ ಮಕ್ಕಿ’ ಅನ್ನೋ ಒಣ ಎಲೆ ತಂದು, ರಾತ್ರಿ ಚಹಾದ ಹಾಗೆ ಕುದಿಸಿ ಕುಡಿಯತೊಡಗಿದ. ವಿಡಿಯೋ ಕಾಲ್‌ನಲ್ಲಿ ಎಲೆ ನೋಡಿದ ಅವನ ಅಜ್ಜಿ, “ಅದು ಸೋನಾಮುಖಿ ಅಲ್ವೇನೋ! ದಿನಾ ಕುಡೀಬೇಡ ಮಗಾ” ಅಂದರು. ಯಾಕೆ ಅಂತ ಕೇಳಿದರೆ, “ಕುಡೀಬಾರದು ಅಷ್ಟೇ.”

ಆ ‘ಯಾಕೆ’ಗೆ ಉತ್ತರ ಹುಡುಕುತ್ತಾ ನಾವು ‘ಸರ’ ಎಂಬ ಗುಣದ ಹತ್ತಿರ ಬಂದೆವು. ಆಯುರ್ವೇದ ದ್ರವ್ಯಗಳಿಗೆ 20 ಗುಣಗಳನ್ನು ಹೇಳುತ್ತದೆ. ಗುರು–ಲಘು, ಶೀತ–ಉಷ್ಣ, ಹೀಗೆ ಹತ್ತು ವಿರುದ್ಧ ಜೋಡಿಗಳು. ಅದರಲ್ಲೊಂದು ಸ್ಥಿರ–ಸರ. ‘ಪ್ರಸಾರ’, ‘ಸಂಸಾರ’ ಪದಗಳಲ್ಲಿರುವ ‘ಸೃ’ ಧಾತುವೇ ಇಲ್ಲೂ ಇದೆ. ಹರಿಯುವುದು, ಚಲಿಸುವುದು ಎಂದರ್ಥ. ಸುಶ್ರುತ ಸಂಹಿತೆಯ ಪ್ರಕಾರ ಸರದ ಕೆಲಸ ಅನುಲೋಮನ, ಅಂದರೆ ಕೆಳಮುಖವಾಗಿ ಸಾಗಿಸುವುದು. ಅಷ್ಟಾಂಗಹೃದಯಕ್ಕೆ ವ್ಯಾಖ್ಯಾನ ಬರೆದ ಹೇಮಾದ್ರಿ ಇನ್ನೂ ಸರಳವಾಗಿ ಹೇಳುತ್ತಾನೆ: ಹಿಡಿದಿಡುವ ಶಕ್ತಿ ಇರುವುದು ಸ್ಥಿರ, ಮುಂದಕ್ಕೆ ತಳ್ಳುವ ಶಕ್ತಿ ಇರುವುದು ಸರ.

ಹರಿಯುವುದು ಅಂದ ಕೂಡಲೇ ನೀರಾಗಿರುವುದೆಲ್ಲ ಸರ ಅಂದುಕೊಳ್ಳಬೇಡಿ. ದ್ರವ ಬೇರೆ ಗುಣ. ಹಸುವಿನ ಹಾಲು ಸರ. ಅದೇ ಹಾಲಿನ ಮೊಸರು ಗ್ರಾಹಿ, ಅಂದರೆ ಹಿಡಿದು ನಿಲ್ಲಿಸುವಂಥದ್ದು. ಮಜ್ಜಿಗೆ ನೀರಾಗಿದ್ದರೂ ಚರಕ ಅದನ್ನೂ ಗ್ರಾಹಿ ಅನ್ನುತ್ತಾನೆ. ಇಲ್ಲಿನ ಲಬನ್ ಬಾಟಲಿಯನ್ನೇ ಔಷಧಿ ಅಂತ ನಂಬಿರುವ ಗೆಳೆಯರು ಇದನ್ನು ಸ್ವಲ್ಪ ಗಮನಿಸಬೇಕು!

ತಳ್ಳುವುದರಲ್ಲೂ ಮೆಟ್ಟಿಲುಗಳಿವೆ. ಶಾರ್ಙ್ಗಧರ ಸಂಹಿತೆಯ ಉದಾಹರಣೆಗಳು ಸೊಗಸಾಗಿವೆ. ಅಳಲೆಕಾಯಿ ಇರುವುದನ್ನು ಪಕ್ವಮಾಡಿ ಕೆಳಗಿಳಿಸುತ್ತದೆ. ಕಕ್ಕೆ ಪಕ್ವವಾಗುವ ತನಕ ಕಾಯದೆ ಜಾರಿಸುತ್ತದೆ. ಕಟುಕರೋಹಿಣಿ ಗಟ್ಟಿಯಾದದ್ದನ್ನು ಒಡೆದು ಹೊರಹಾಕುತ್ತದೆ. ತಿಗಡೆಯಂತೂ ಎಲ್ಲವನ್ನೂ ನೀರುಮಾಡಿ ಹೊರದೂಡುತ್ತದೆ. ಸೋನಾಮುಖಿ ಚರಕ–ಸುಶ್ರುತರ ಪಟ್ಟಿಯಲ್ಲಿಲ್ಲ. ಅರಬ್ಬರ, ಯುನಾನಿ ವೈದ್ಯರ ದಾರಿಯಲ್ಲಿ ಬಂದು ನಮ್ಮ ಅಜ್ಜಿಯರ ಡಬ್ಬಿ ಸೇರಿದ ಎಲೆ ಅದು. ‘ಸೆನ್ನಾ’ ಎಂಬ ಹೆಸರೂ ಅರಬ್ಬಿಯ ‘ಸನಾ’ದಿಂದಲೇ ಬಂದದ್ದು. ಕತಾರಿನ ಮರಳಿನಲ್ಲೂ ಅದರ ದಾಯಾದಿ ಸೆನ್ನಾ ಇಟಾಲಿಕಾ ತಾನಾಗಿ ಬೆಳೆಯುತ್ತದೆ. ಅದು ನಿಲ್ಲುವುದು ಕೊನೆಯ ಮೆಟ್ಟಿಲ ಕಡೆಗೇ.

ಇಂದಿನ ವಿಜ್ಞಾನದ ವಿವರಣೆ ಹೀಗಿದೆ: ಎಲೆಯಲ್ಲಿರುವ ಸೆನ್ನೋಸೈಡ್‌ಗಳನ್ನು ದೊಡ್ಡಕರುಳಿನ ಬ್ಯಾಕ್ಟೀರಿಯಾಗಳು ಒಡೆದ ಮೇಲೆ ಕರುಳಿನ ಚಲನೆ ಹೆಚ್ಚುತ್ತದೆ, ನೀರು ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಅದಕ್ಕೆ 6ರಿಂದ 12 ಗಂಟೆ ಬೇಕು. ರಾತ್ರಿ ಕುಡಿದರೆ ಬೆಳಿಗ್ಗೆ ಕೆಲಸವಾಗುವುದು ಅದಕ್ಕೇ. ಆದರೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಲ್ಲಿ ದಿನಾ ಹೀಗೆ ನೀರು, ಪೊಟ್ಯಾಸಿಯಂ ಕಳೆದುಕೊಂಡರೆ? ವೈದ್ಯರನ್ನು ಕೇಳದೆ ಒಂದು ವಾರಕ್ಕಿಂತ ಹೆಚ್ಚು ಬಳಸಬಾರದು ಅನ್ನುವುದು ಸಾಮಾನ್ಯ ಎಚ್ಚರಿಕೆ. ಹೊಟ್ಟೆನೋವು, ವಾಂತಿ ಅಥವಾ ರಕ್ತ ಕಂಡರೆ ಎಲೆ ಪಕ್ಕಕ್ಕಿಟ್ಟು ಸೀದಾ ಆಸ್ಪತ್ರೆಗೆ ಹೋಗಿ.

ನಮಗೆ ಮುಖ್ಯ ಅನ್ನಿಸಿದ್ದು ಇನ್ನೊಂದು ಮಾತು. ದೇಹದೊಳಗಿನ ಚಲನೆ ವಾತದ್ದು. ‘ಚಲ’ ಅದರ ಸ್ವಭಾವವೇ. ಜೊತೆಗೆ ವಾತ ರೂಕ್ಷವೂ ಹೌದು, ಅಂದರೆ ಒಣಗಿಸುವಂಥದ್ದು. ಎ.ಸಿ. ಗಾಳಿ, ಒಣ ಊಟ, ನಿದ್ದೆಗೆಟ್ಟ ಪರೀಕ್ಷೆಯ ರಾತ್ರಿಗಳು ಆ ಒಣತನವನ್ನೇ ಹೆಚ್ಚಿಸುತ್ತವೆ. ನಮ್ಮ ಗೆಳೆಯನಿಗೆ ಕಡಿಮೆಯಾಗಿದ್ದದ್ದು ತಳ್ಳುವ ಶಕ್ತಿಯಲ್ಲ, ಜಿಡ್ಡು ಮತ್ತು ನೀರು. ಒಣಗಿದ ದಾರಿಯಲ್ಲಿ ಇನ್ನಷ್ಟು ಜೋರಾಗಿ ತಳ್ಳುತ್ತಿದ್ದ, ಅಷ್ಟೇ.

ಈಗ ಅವನು ಬೆಳಿಗ್ಗೆ ಎದ್ದು ಬಿಸಿನೀರು ಕುಡಿಯುತ್ತಾನೆ, ನೆನೆಸಿದ ದ್ರಾಕ್ಷಿ ತಿನ್ನುತ್ತಾನೆ, ಅನ್ನಕ್ಕೆ ತುಪ್ಪ ಹಾಕಿಕೊಳ್ಳುತ್ತಾನೆ. ಸನಾ ಮಕ್ಕಿಯ ಪೊಟ್ಟಣ ಅರ್ಧ ಖಾಲಿಯಾಗಿ ಅಡುಗೆಮನೆಯ ಶೆಲ್ಫಿನಲ್ಲಿದೆ. ಹೊಸ ಜೂನಿಯರ್‌ಗಳು ಯಾಮಾರದಿರಲಿ ಅಂತ ಅದರ ಮೇಲೆ ಮಾರ್ಕರ್‌ನಲ್ಲಿ ‘ಇದು ಚಹಾ ಅಲ್ಲ’ ಅಂತ ಬರೆದಿಟ್ಟಿದ್ದೇವೆ.