ಎಣ್ಣೆ ಬೇಡದ ಕೀಲು

ಘಾಟ್ಕೋಪರ್ ಪಶ್ಚಿಮದ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರ್ಗದಲ್ಲಿ ಬೆಳ್ಳಂಬೆಳಿಗ್ಗೆ ನಿಂತರೆ ಹಳೆಯ ಪಿಕಪ್‌ಗಳನ್ನು ಕಣ್ಣು ಮುಚ್ಚಿಕೊಂಡೇ ಗುರುತಿಸಬಹುದು. ತರಕಾರಿ, ಪ್ಲೈವುಡ್, ನೀರಿನ ಕ್ಯಾನು, ಕೇಟರಿಂಗಿನವರ ಹಂಡೆ-ಕೊಪ್ಪರಿಗೆ ಹೊತ್ತ ಗಾಡಿ ಸ್ಪೀಡ್‌ಬ್ರೇಕರ್ ಹತ್ತುವಾಗ ಮುಂದಿನ ಚಕ್ರದ ಬುಡದಿಂದ ‘ಕಿರ್ರ್’ ಎನ್ನುತ್ತದೆ, ಇಳಿಯುವಾಗ ‘ಕುಂಯ್’ ಎನ್ನುತ್ತದೆ. ಮೆಟ್ರೊ 4ನೇ ಮಾರ್ಗಕ್ಕಾಗಿ ಅಗೆದು, ಮುಚ್ಚಿ, ಮತ್ತೆ ಅಗೆದ ರಸ್ತೆ. ಹತ್ತುವುದು ಇಳಿಯುವುದು ಬಿಟ್ಟರೆ ಗಾಡಿಗೆ ಬೇರೆ ಕೆಲಸವೇ ಇಲ್ಲ.

ಸದ್ದು ತಲೆ ತಿನ್ನತೊಡಗಿದಾಗ ಡ್ರೈವರ್ ಗಾಡಿಯನ್ನು ಯಾವುದಾದರೂ ಗಲ್ಲಿಯ ಬಾಯಿಗೆ ತಂದು ನಿಲ್ಲಿಸುತ್ತಾನೆ. ಗ್ಯಾರೇಜಿನ ಹುಡುಗ ಒಂದು ಪ್ಲಾಸ್ಟಿಕ್ ಬಾಟಲಿ ಹಿಡಿದು ಗಾಡಿಯ ಕೆಳಗೆ ನುಗ್ಗುತ್ತಾನೆ. ಮುಚ್ಚಳಕ್ಕೆ ತೂತು ಕೊರೆದ ಆ ಬಾಟಲಿಯಲ್ಲಿ ಇರುವುದು ಎಂಜಿನ್ನಿನಿಂದ ಇಳಿಸಿದ ಕರಿ ಆಯಿಲ್. ಕೀಲು ಕಂಡಲ್ಲೆಲ್ಲ ಅದನ್ನು ಚಿಮುಕಿಸಿ ಹೊರಬರುತ್ತಾನೆ. ಚಹಾದ ಕಾಸು ಕೈಗೆ ಬೀಳುತ್ತದೆ, ಸದ್ದು ನಿಲ್ಲುತ್ತದೆ. ಕೆಲವೇ ದಿನಗಳಲ್ಲಿ ಮೊದಲಿಗಿಂತ ಜೋರಾಗಿ ಮರಳುತ್ತದೆ.

ಆ ಎಣ್ಣೆ ಬಿದ್ದದ್ದು ರಬ್ಬರಿನ ಮೇಲೆ. ಆ ರಬ್ಬರ್ ಅಲ್ಲಿಗೆ ಬಂದದ್ದೇ ಎಣ್ಣೆ ಹಾಕುವ ಕಷ್ಟ ತಪ್ಪಿಸಲು. ಕೀಲಿನಿಂದ ಎಣ್ಣೆ ಹೋಗಿ ಸುಮಾರು ನೂರು ವರ್ಷವಾಗುತ್ತ ಬಂದರೂ ನಮ್ಮ ಕೈಯಿಂದ ಬಾಟಲಿ ಇಳಿದಿಲ್ಲ. ಆ ಬಾಟಲಿಯ ಕಥೆ ಹೇಳಬೇಕಾದರೆ ಎತ್ತಿನಗಾಡಿಯಿಂದಲೇ ಶುರು ಮಾಡಬೇಕು.

ಎತ್ತಿನಗಾಡಿಯ ಅಚ್ಚಿಗೆ ಕೀಲೆಣ್ಣೆ ಸವರುವುದನ್ನು ಕಂಡವರು ನಮ್ಮಲ್ಲಿ ಇನ್ನೂ ಇದ್ದಾರೆ. ಚಕ್ರ ಪೂರ್ತಿ ಸುತ್ತು ತಿರುಗುತ್ತದೆ. ತಿರುಗಿದಂತೆ ಎಣ್ಣೆ ಒಳಗೆಲ್ಲ ಹರಡಿ ಕಬ್ಬಿಣಕ್ಕೂ ಕಬ್ಬಿಣಕ್ಕೂ ನಡುವೆ ತೆಳುವಾದ ಪದರವಾಗಿ ನಿಲ್ಲುತ್ತದೆ. ಅಲ್ಲಿ ಎಣ್ಣೆಯ ಲೆಕ್ಕ ಸರಿ. ಆದರೆ 1804ರಲ್ಲಿ ಇಂಗ್ಲೆಂಡಿನ ಒಬಡಯ ಎಲಿಯಟ್ ಎಂಬ ಕೋಚು ತಯಾರಕ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗಿಗೆ ಪೇಟೆಂಟ್ ಪಡೆದ ಮೇಲೆ ಗಾಡಿಗೆ ಇನ್ನೊಂದು ಬಗೆಯ ಕೀಲು ಸೇರಿತು. ಇವತ್ತು ಗ್ಯಾರೇಜಿನವರು ಕಮಾನ್ ಪಟ್ಟಾ ಎನ್ನುವ ಲೀಫ್ ಸ್ಪ್ರಿಂಗ್ ಆ ವಂಶದ್ದೇ. ಭಾರ ಬಿದ್ದಾಗ ಕಮಾನು ಚಪ್ಪಟೆಯಾಗುತ್ತದೆ, ಚಪ್ಪಟೆಯಾದಾಗ ಅದರ ಎರಡು ತುದಿಗಳ ನಡುವಿನ ಅಂತರ ಹೆಚ್ಚುತ್ತದೆ. ಹಾಗಾಗಿ ಒಂದು ತುದಿಯನ್ನು ಚಾಸಿಗೆ ಬಿಗಿದು ಇನ್ನೊಂದನ್ನು ತೂಗಾಡುವ ಕೊಂಡಿಗೆ ಸಿಕ್ಕಿಸುತ್ತಾರೆ. ಆ ಕೊಂಡಿಯೇ ಶ್ಯಾಕಲ್.

ಶ್ಯಾಕಲ್ಲಿನ ಪಿನ್ ಎಂದೂ ಸುತ್ತು ಹಾಕುವುದಿಲ್ಲ. ಕೆಲವೇ ಡಿಗ್ರಿ ಆ ಕಡೆ, ಕೆಲವೇ ಡಿಗ್ರಿ ಈ ಕಡೆ ಓಲಾಡುತ್ತದೆ, ಅಷ್ಟೆ. ಇಂಥ ಓಲಾಟದಲ್ಲಿ ಎಣ್ಣೆಯ ಪದರ ನಿಲ್ಲುವುದೇ ಇಲ್ಲ. ಭಾರ ಬೀಳುವ ಒಂದೇ ಮಗ್ಗುಲಿನಿಂದ ಅದು ಹಿಂಡಿಹೋಗುತ್ತದೆ, ಅಲ್ಲಿಗೆ ಧೂಳು ಬಂದು ಸೇರುತ್ತದೆ, ಗುಂಡಗಿನ ಪಿನ್ ಸವೆದು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಮೋಟಾರು ಗಾಡಿ ಬಂದ ಮೊದಲ ದಶಕಗಳಲ್ಲಿ ಇದಕ್ಕೆ ಇದ್ದ ಮದ್ದು ಮತ್ತೆ ಮತ್ತೆ ಗ್ರೀಸ್ ತುಂಬುವುದೊಂದೇ. ಆಸ್ಟ್ರಿಯಾ ಮೂಲದ ಆಸ್ಕರ್ ಜೆರ್ಕ್ ಗ್ರೀಸ್ ಗನ್ ಕಚ್ಚಿಕೊಳ್ಳುವ ಪುಟ್ಟ ನಿಪ್ಪಲ್ಲಿಗೆ ಅಮೆರಿಕದಲ್ಲಿ 1929ರಲ್ಲಿ ಪೇಟೆಂಟ್ ಪಡೆದ. ಇವತ್ತಿಗೂ ಟ್ರಕ್ಕಿನ ಕೆಳಗೆ ಮಲಗಿದರೆ ಕಾಣುವ ನಿಪ್ಪಲ್ ಅದೇ ಕುಲದ್ದು.

ಮುಂಬಯಿಯಲ್ಲಿ ಈ ನಿಪ್ಪಲ್ಲಿನ ಸಂಸ್ಕೃತಿ ಬೇರೂರಿದ್ದರಲ್ಲಿ ಜೀಪಿನ ಪಾಲು ದೊಡ್ಡದು. 1945ರಲ್ಲಿ ಮಹೀಂದ್ರಾ ಅಂಡ್ ಮೊಹಮ್ಮದ್ ಎಂಬ ಕಂಪನಿ ಹುಟ್ಟಿತು. ಪಾಲುದಾರರಾಗಿದ್ದ ಗುಲಾಂ ಮೊಹಮ್ಮದ್ ದೇಶ ವಿಭಜನೆಯ ಹೊತ್ತಿಗೆ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು. 1948ರಲ್ಲಿ ಕಂಪನಿ ಮಹೀಂದ್ರಾ ಅಂಡ್ ಮಹೀಂದ್ರಾ ಆಯಿತು. ಬಿಡಿಭಾಗಗಳಾಗಿ ಬರುತ್ತಿದ್ದ ವಿಲ್ಲಿಸ್ ಜೀಪುಗಳನ್ನು ಮುಂಬಯಿಯ ಮಝಗಾಂವ್‌ನಲ್ಲಿ ಜೋಡಿಸತೊಡಗಿದರು. ಆ ಜೀಪಿಗೆ ಮುಂದೆಯೂ ಕಮಾನ್ ಪಟ್ಟಾ, ಹಿಂದೆಯೂ ಕಮಾನ್ ಪಟ್ಟಾ. ಅದರ ಶ್ಯಾಕಲ್ ‘ಯು’ ಆಕಾರದ್ದು. ಎರಡು ಕಾಲುಗಳಿಗೂ ತಿರುಪಿನ ಮರೆ, ಅದರ ಮೇಲೆ ಕೂರುವ ಕೊಳವೆಯಂಥ ಬುಷ್‌ಗೂ ಮರೆ, ಅದಕ್ಕೊಂದು ಗ್ರೀಸ್ ನಿಪ್ಪಲ್. ಕೆಲವು ಶ್ಯಾಕಲ್‌ಗಳಿಗೆ ಮರೆ ಎಡಕ್ಕೆ, ಕೆಲವಕ್ಕೆ ಬಲಕ್ಕೆ. ಇದು ಗೊತ್ತಿಲ್ಲದೆ ಪಾನಾ ಹಾಕಿ ಜಗ್ಗಿದವರು ಮರೆ ಕಿತ್ತು ಬೈಗುಳ ತಿಂದದ್ದುಂಟು. ಅಂಥ ಜೀಪಿಗೆ ಎಣ್ಣೆ-ಗ್ರೀಸ್ ಊಡುವುದು ದಿನಚರಿಯಂತೆ ನಡೆಯಬೇಕಿತ್ತು. ಉಸ್ತಾದನಿಂದ ಶಾಗಿರ್ದನಿಗೆ, ಅವನಿಂದ ಅವನ ಶಾಗಿರ್ದನಿಗೆ ಬಂದ ಪಾಠ ಅದೇ: ಕೀಲು ಕಿರುಗುಟ್ಟಿದರೆ ಎಣ್ಣೆ ಬಿಡು. ಆ ಜೀಪಿನ ಮಟ್ಟಿಗೆ ಪಾಠ ಸುಳ್ಳಲ್ಲ.

ಅಷ್ಟರಲ್ಲಿ ಕೀಲು ಬೇರೆ ದಾರಿ ಹಿಡಿದಿತ್ತು. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಗಂಧಕ ಬೆರೆಸಿ ಕಾಯಿಸಿ ರಬ್ಬರನ್ನು ಗಟ್ಟಿ ಮಾಡುವ ಬಗೆ ಕಂಡುಕೊಂಡ ಮೇಲೆ ಅದು ಟೈರಾಯಿತು, ಕೊಳವೆಯಾಯಿತು, ಬೂಟಿನ ಅಟ್ಟೆಯಾಯಿತು. ಕೀಲಾಗಲು ಮಾತ್ರ ಎಂಬತ್ತು ವರ್ಷ ಹಿಡಿಯಿತು. ರಬ್ಬರನ್ನು ಆ ಜಾಗಕ್ಕೆ ತಂದವರಲ್ಲಿ ಕಾರಿನವರಿಗಿಂತ ಮೊದಲು ಟ್ರಕ್ಕಿನವರೇ ಇದ್ದದ್ದು ನನಗೆ ಇಷ್ಟವಾದ ಸಂಗತಿ. ಅಮೆರಿಕದ ಮ್ಯಾಕ್ ಕಂಪನಿ 1920ರ ದಶಕದ ಆರಂಭದಲ್ಲೇ ಸ್ಪ್ರಿಂಗಿನ ತುದಿಗಳಿಂದ ಪಿನ್ನು-ಶ್ಯಾಕಲ್ ತೆಗೆದು ಅಲ್ಲಿ ರಬ್ಬರ್ ದಿಮ್ಮಿಗಳನ್ನು ಕೂರಿಸಿತು. ಅದೇ ದಶಕದಲ್ಲಿ ಲಿಯೋನ್ ಥಿರಿ ಎಂಬಾತ ಒಂದರೊಳಗೊಂದು ಕೂರುವ ಎರಡು ಲೋಹದ ಕೊಳವೆಗಳ ನಡುವೆ ದಪ್ಪ ರಬ್ಬರ್ ಉಂಗುರವನ್ನು ಒತ್ತಿ ತುರುಕಿದ. ತುರುಕಿದ ರಬ್ಬರ್ ತೆಳ್ಳಗೆ ಉದ್ದವಾಗಿ ಹಿಗ್ಗಿ, ಹಿಂದಕ್ಕೆ ಉಬ್ಬಲು ಹವಣಿಸುತ್ತ ಎರಡೂ ಕೊಳವೆಗಳನ್ನು ಬಿಗಿಯಾಗಿ ಹಿಡಿದುಕೊಂಡಿತು. ಸೈಲೆಂಟ್‌ಬ್ಲಾಕ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂದದ್ದು ಇದೇ. ನಮ್ಮ ಬಿಡಿಭಾಗಗಳ ಅಂಗಡಿಗಳಲ್ಲಿ ಈಗಲೂ ‘ಸೈಲೆಂಟ್ ಬುಷ್ ಕೊಡಿ’ ಎಂದು ಕೇಳುವವರಿದ್ದಾರೆ. ಮುಂದೆ ರಬ್ಬರನ್ನು ಲೋಹಕ್ಕೆ ಅಂಟಿಸುವ ವಿದ್ಯೆ ಬೆಳೆಯಿತು. ಹ್ಯೂ ಲಾರ್ಡ್ 1924ರಲ್ಲಿ ಪೆನ್ಸಿಲ್ವೇನಿಯಾದ ಈರಿಯಲ್ಲಿ ಕಟ್ಟಿದ ಕಂಪನಿ ಈ ಅಂಟಿನ ಮೇಲೆಯೇ ಬದುಕು ಕಟ್ಟಿಕೊಂಡಿತು. 1931ರಲ್ಲಿ ಕ್ರೈಸ್ಲರ್ ತನ್ನ ಪ್ಲಿಮತ್ ಕಾರಿನ ಎಂಜಿನ್ನನ್ನೇ ರಬ್ಬರಿನ ಮೇಲೆ ಕೂರಿಸಿ ‘ಫ್ಲೋಟಿಂಗ್ ಪವರ್’ ಎಂದು ಜಾಹೀರಾತು ಹಾಕಿತು. ಪ್ರಯಾಣದ ನಡುಕ ಇಳಿಸಲು ರಬ್ಬರ್ ಬೇಕೇ ಬೇಕು ಎಂಬುದು ಅಲ್ಲಿಗೆ ಇತ್ಯರ್ಥವಾಯಿತು.

ಈ ಕ್ರೈಸ್ಲರ್ ಹೆಸರು ಘಾಟ್ಕೋಪರ್‌ಗೆ ಹತ್ತಿರದ ಕುರ್ಲಾದ ತನಕ ಬಂದದ್ದರ ಹಿಂದೆ ನಮ್ಮವರೊಬ್ಬರಿದ್ದಾರೆ. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯೂರೋಪು, ಅಮೆರಿಕ ಸುತ್ತಿ ಕಾರು ಕಾರ್ಖಾನೆಗಳನ್ನು ನೋಡಿಬಂದು ಭಾರತದಲ್ಲೊಂದು ಮೋಟಾರು ಕಾರ್ಖಾನೆಯ ಯೋಜನೆ ಬರೆದರು. ವಾಲ್‌ಚಂದ್ ಹೀರಾಚಂದ್ ಅದರ ಬೆನ್ನಿಗೆ ನಿಂತರು. ಮುಂಬಯಿ ಸರಕಾರ ಒಲವು ತೋರಿತು, ಮೈಸೂರು ಸಂಸ್ಥಾನವೂ ಮುಂದೆ ಬಂತು. ಬ್ರಿಟಿಷ್ ಸರಕಾರ ಮಾತ್ರ ಮನಸ್ಸು ಮಾಡಲಿಲ್ಲ. ಕೊನೆಗೆ ವಾಲ್‌ಚಂದರು 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು, 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿ, ಮುಂದೆ ಕುರ್ಲಾದಲ್ಲಿ ಮೋಟಾರು ಕಾರ್ಖಾನೆ ತೆರೆದರು. ಬೆಂಗಳೂರಿಗೆ ಬರಬಹುದಾಗಿದ್ದ ಕಾರು ಕುರ್ಲಾಕ್ಕೆ ಬಂತು ಎನ್ನಿ. ಕ್ರೈಸ್ಲರ್ ಜೊತೆಗಿನ ಒಪ್ಪಂದದಲ್ಲಿ ಡಾಡ್ಜ್, ಫಾರ್ಗೊ ಟ್ರಕ್ಕುಗಳು ಅಲ್ಲಿಂದ ಹೊರಬಿದ್ದವು. ಆಮೇಲೆ ಫಿಯೆಟ್, ಅದರ ಬೆನ್ನಿಗೆ ಪದ್ಮಿನಿ. ಆ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್‌ನಲ್ಲಿ ಮುಂಬಯಿ ರಸ್ತೆಯಿಂದ ನಿವೃತ್ತವಾದವು. ಕಾರ್ಖಾನೆಯ ಜಾಗದಲ್ಲಿ ಈಗ ಕೊಹಿನೂರ್ ಸಿಟಿಯ ಕಟ್ಟಡಗಳು. ಆದರೆ ಕುರ್ಲಾದ ಸಿಎಸ್‌ಟಿ ರಸ್ತೆಯ ಬಿಡಿಭಾಗಗಳ ಸಂತೆ ಉಳಿದಿದೆ. ಹಳೆಯ ಪಿಕಪ್ಪಿಗೆ ಬುಷ್ ಬೇಕಾದರೆ ಘಾಟ್ಕೋಪರ್‌ನ ಗ್ಯಾರೇಜುಗಳು ಹುಡುಗನನ್ನು ಓಡಿಸುವುದು ಅಲ್ಲಿಗೇ.

ಬುಷ್‌ನ ರಬ್ಬರ್ ಎಲ್ಲಿಂದ ಬರುತ್ತದೆ ಎಂದು ಗಾಡಿಯವರು ಕೇಳುವುದಿಲ್ಲ. ದಕ್ಷಿಣ ಕನ್ನಡದವರು ಕೇಳಬಹುದು. 1964ರಲ್ಲಿ, ಘಾಟ್ಕೋಪರ್‌ನ ಆ ರಸ್ತೆಗೆ ಹೆಸರು ಕೊಟ್ಟ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಶ್ರೀಲಂಕಾದ ಸಿರಿಮಾವೊ ಬಂಡಾರನಾಯಕೆ ಅವರೊಂದಿಗೆ ಮಾಡಿಕೊಂಡ ಒಪ್ಪಂದದಿಂದ ಅಲ್ಲಿನ ತೋಟಗಳಲ್ಲಿ ದುಡಿಯುತ್ತಿದ್ದ ಭಾರತ ಮೂಲದ ತಮಿಳರಲ್ಲಿ ಹಲವರು ಇತ್ತ ಮರಳಿದರು. ಅವರಲ್ಲಿ ಹಲವು ಕುಟುಂಬಗಳಿಗೆ ಸುಳ್ಯ, ಪುತ್ತೂರು ಕಡೆ ರಬ್ಬರ್ ತೋಟಗಳಲ್ಲಿ ನೆಲೆ ಸಿಕ್ಕಿತು. ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ಆ ತೋಟಗಳಲ್ಲಿ ನಸುಕಿಗೇ ಎದ್ದು ಮರಕ್ಕೆ ಗೀರು ಹಾಕಿ ಹಾಲು ಇಳಿಸಿದವರು ಅವರು. ಶಾಸ್ತ್ರಿ ಮಾರ್ಗದಲ್ಲಿ ಓಡುವ ಪಿಕಪ್ಪಿನ ಕೀಲಿಗೂ ಶಾಸ್ತ್ರಿಯವರ ಸಹಿಗೂ ಹೀಗೊಂದು ದೂರದ ನಂಟು.

ಮರದ ಹಾಲಿನಿಂದ ಬಂದ ಈ ಸಹಜ ರಬ್ಬರ್ ಮುರಿಯದೆ ಲಕ್ಷಾಂತರ ಸಲ ತಿರುಚಿಕೊಳ್ಳಬಲ್ಲದು. ಬುಷ್‌ಗೆ ಅದನ್ನೇ ಆರಿಸಿದ್ದು ಅದಕ್ಕೆ. ಒಳಗಿನ ಕೊಳವೆಯನ್ನು ಬೋಲ್ಟು ಹಿಡಿದಿರುತ್ತದೆ, ಹೊರಗಿನದು ಸ್ಪ್ರಿಂಗಿನ ತುದಿಯ ಕಣ್ಣಿನಲ್ಲಿ ಕೂತಿರುತ್ತದೆ. ಗಾಡಿ ಕುಲುಕಿದಾಗ ಅಲ್ಲಿ ಯಾವುದೂ ಯಾವುದರ ಮೇಲೂ ಜಾರುವುದಿಲ್ಲ. ಕೆಲವು ಡಿಗ್ರಿಯ ಓಲಾಟವನ್ನು ರಬ್ಬರ್ ತಾನೇ ತಿರುಚಿಕೊಂಡು ನುಂಗಿ, ಮತ್ತೆ ನೇರವಾಗುತ್ತದೆ. ಜಾರುವಿಕೆಯೇ ಇಲ್ಲದ ಮೇಲೆ ಎಣ್ಣೆಗೇನು ಕೆಲಸ? ಕೆಲಸವಿಲ್ಲದ್ದು ಹೋಗಲಿ, ಅದು ಶತ್ರು ಬೇರೆ. ಪೆಟ್ರೋಲಿಯಂ ಎಣ್ಣೆ, ಸೀಮೆಎಣ್ಣೆ, ಡೀಸೆಲ್ ಬಿದ್ದರೆ ಸಹಜ ರಬ್ಬರ್ ಅದನ್ನು ಹೀರಿ ಊದಿಕೊಳ್ಳುತ್ತದೆ, ಮೆತ್ತಗಾಗುತ್ತದೆ, ಲೋಹದ ಹಿಡಿತ ಬಿಡುತ್ತದೆ. ಹಿಡಿತ ಬಿಟ್ಟ ರಬ್ಬರ್ ಜಾರತೊಡಗುತ್ತದೆ. ‘ಕಿರ್ರ್’ ಎನ್ನುವುದು ಆ ಜಾರಾಟವೇ. ಹುಡುಗನ ಬಾಟಲಿ ಒಂದು ವಾರದ ಮೌನ ಕೊಟ್ಟು ಬುಷ್‌ನ ಆಯುಸ್ಸು ಕಡಿಮೆ ಮಾಡಿತು.

ಸದ್ದು ಬರುವುದು ಬುಷ್‌ನಿಂದಲೇ ಎಂದು ತಿಳಿಯುವುದು ಹೇಗೆ? ಮುಂಬಯಿಯಲ್ಲಿ ಮೊದಲ ಸುಳಿವು ಮಳೆಯೇ ಕೊಡುತ್ತದೆ. ಜೂನ್‌ನಲ್ಲಿ ಮಳೆ ಹಿಡಿದೊಡನೆ ಕಿರುಗುಟ್ಟುತ್ತಿದ್ದ ಗಾಡಿ ತೆಪ್ಪಗಾಗುತ್ತದೆ, ಮಾಲೀಕ ತಾನಾಗಿಯೇ ಸರಿಹೋಯಿತು ಎಂದುಕೊಳ್ಳುತ್ತಾನೆ. ಅಕ್ಟೋಬರ್ ಬಿಸಿಲು ಹೊಡೆದಾಗ ಸದ್ದು ಮರಳಿ ಬರುತ್ತದೆ. ಸಡಿಲ ರಬ್ಬರಿಗೆ ನೀರು ಕೆಲಹೊತ್ತು ಜಾರುವ ಗುಣ ಕೊಡುತ್ತದೆ, ಅಷ್ಟೆ. ಇದನ್ನೇ ಪರೀಕ್ಷೆ ಮಾಡಿಕೊಳ್ಳಬಹುದು. ಒಬ್ಬರು ಬಂಪರ್ ಒತ್ತಿ ಗಾಡಿ ಕುಲುಕಿಸಲಿ, ಇನ್ನೊಬ್ಬರು ಒಂದೊಂದೇ ಕೀಲಿಗೆ ನೀರು ಚಿಮುಕಿಸಲಿ. ಯಾವುದು ಒದ್ದೆಯಾದಾಗ ಸದ್ದು ನಿಂತಿತೋ ಕಳ್ಳ ಅಲ್ಲಿದ್ದಾನೆ. ನುರಿತ ಮೇಸ್ತ್ರಿಗಳು ನೀರನ್ನೂ ಕೇಳುವುದಿಲ್ಲ, ಶ್ಯಾಕಲ್ ಪ್ಲೇಟಿನ ಮೇಲೆ ಅಂಗೈ ಇಟ್ಟರೆ ಸಾಕು. ಕಿವಿಗೆ ಕೇಳುವ ಮೊದಲೇ ನಡುಕ ಕೈಗೆ ಹತ್ತುತ್ತದೆ.

ಒಂದು ಎಚ್ಚರ ಬೇಕು. ಕಮಾನ್ ಪಟ್ಟಿಗಳು ಒಂದರ ಮೇಲೊಂದು ಉಜ್ಜಿದಾಗಲೂ ಹೆಚ್ಚುಕಡಿಮೆ ಇಂಥದೇ ಸದ್ದು ಬರುತ್ತದೆ. ಅದು ಉಕ್ಕಿನ ಮೇಲೆ ಉಕ್ಕು, ಅಲ್ಲಿ ಗ್ರ್ಯಾಫೈಟ್ ಗ್ರೀಸ್ ಸವರುವುದೇ ಸರಿ. ನಿಪ್ಪಲ್ ಇರುವ ಕೀಲಿಗೂ ಗ್ರೀಸ್ ಹೊಡೆಯಲೇಬೇಕು. ನಿಪ್ಪಲ್ ಇಲ್ಲದ, ರಬ್ಬರ್ ಇಣುಕುವ ಕೀಲಿಗೆ ಮಾತ್ರ ಎಣ್ಣೆ ವರ್ಜ್ಯ.

ಬುಷ್ ಬದಲಿಸುವುದು ದೊಡ್ಡ ವಿದ್ಯೆಯಲ್ಲ, ಒರಟು ಕೆಲಸ. ಜಾಕಿ ಕೊಟ್ಟು, ಚಾಸಿಗೆ ಭದ್ರವಾದ ಸ್ಟ್ಯಾಂಡ್ ಇಟ್ಟು, ತುಕ್ಕು ಹಿಡಿದ ಬೋಲ್ಟಿನೊಂದಿಗೆ ಗುದ್ದಾಡಿ ಸ್ಪ್ರಿಂಗ್ ಬಿಡಿಸಬೇಕು. ಕೊಳವೆಯ ಸಮೇತ ಬರುವ ಬುಷ್ ಆದರೆ ಪ್ರೆಸ್ಸಿನಲ್ಲಿ ಒತ್ತಿ ತೆಗೆಯುತ್ತಾರೆ. ಪ್ರೆಸ್ ಇಲ್ಲದ ಗಲ್ಲಿಗಳಲ್ಲಿ ಗ್ಯಾಸ್ ಬೆಂಕಿ ಹಿಡಿದು ರಬ್ಬರ್ ಸುಟ್ಟು, ಉಳಿದ ಹೊರ ಕೊಳವೆಯನ್ನು ಹ್ಯಾಕ್ಸಾ ಬ್ಲೇಡಿನಿಂದ ಸೀಳಿ ಹೊಡೆದು ತೆಗೆಯುವುದು ರೂಢಿ. ಆ ಹೊಗೆ ಕುಡಿಯುವಂಥದ್ದಲ್ಲ, ಸ್ಪ್ರಿಂಗಿನ ಉಕ್ಕಿಗೂ ಆ ಬಿಸಿ ಒಳ್ಳೆಯದಲ್ಲ. ಎರಡು ಹೋಳಾಗಿ ಬರುವ ಬರಿ ರಬ್ಬರ್ ಬುಷ್ ಆದರೆ ಕೈಯಲ್ಲೇ ಕೂರುತ್ತದೆ. ಕೂರಿಸುವಾಗ ಜಾರಲೆಂದು ಸೋಪಿನ ನೀರು ಸಾಕು, ಒಣಗಿದ ಮೇಲೆ ರಬ್ಬರ್ ತನ್ನ ಹಿಡಿತ ತಾನೇ ಹಿಡಿಯುತ್ತದೆ. ಪಾಲಿಯುರೇಥೇನ್ ಬುಷ್ ಹಾಕಿಸಿಕೊಳ್ಳುವ ಶೋಕಿಯೂ ಈಚೆಗೆ ಇದೆ. ಅದು ಗಟ್ಟಿ ನಿಜ, ಆದರೆ ಲೋಹದ ಮೇಲೆ ಜಾರುವ ಜಾತಿ. ಅದಕ್ಕೆ ಸಿಲಿಕೋನ್ ಗ್ರೀಸ್ ಬೇಕು, ಗ್ರೀಸ್ ಒಣಗಿದರೆ ಮತ್ತೆ ಕಿರುಗುಟ್ಟುತ್ತದೆ. ಹೊರೆ ಸಾಗಿಸುವ ಗಾಡಿಗೆ ನನ್ನ ಮತ ಹಳೆಯ ರಬ್ಬರಿಗೇ.

ಗಲ್ಲಿಯಲ್ಲಿ ಹೆಚ್ಚಾಗಿ ಎಡವುವುದು ಕಟ್ಟಕಡೆಯ ಹೆಜ್ಜೆಯಲ್ಲಿ. ಗಾಡಿ ಜಾಕಿಯ ಮೇಲಿದ್ದು ಚಕ್ರ ನೇತಾಡುತ್ತಿರುವಾಗಲೇ ಬೋಲ್ಟು ಪೂರ್ತಿ ಬಿಗಿದುಬಿಡುತ್ತಾರೆ. ನೇತಾಡುವ ಸ್ಥಿತಿಯನ್ನೇ ರಬ್ಬರ್ ತನ್ನ ನೇರ ಸ್ಥಿತಿ ಎಂದು ಹಿಡಿದುಕೊಳ್ಳುತ್ತದೆ. ಗಾಡಿ ಕೆಳಗಿಳಿದ ಕ್ಷಣದಿಂದ ಅದು ಹಗಲೂ ರಾತ್ರಿ ತಿರುಚಿಕೊಂಡೇ ಇರುತ್ತದೆ, ಹೊರೆ ಬಿದ್ದಾಗ ಇನ್ನಷ್ಟು ತಿರುಚಿಕೊಂಡು ಬೇಗ ಹರಿಯುತ್ತದೆ. ಹೊಸ ಬುಷ್ ಬೇಗ ಹೋದರೆ ಡೂಪ್ಲಿಕೇಟ್ ಮಾಲು ಎಂದು ಅಂಗಡಿಯವನನ್ನು ಶಪಿಸುತ್ತೇವೆ. ಎಷ್ಟೋ ಸಲ ಮಾಲು ಚೆನ್ನಾಗಿಯೇ ಇರುತ್ತದೆ, ತಪ್ಪಿರುವುದು ಬಿಗಿದ ಹೊತ್ತು.

ಹಳೆಯ ಪಿಕಪ್ ಇಟ್ಟುಕೊಂಡವರು ಮುಂದಿನ ಸಲ ಗ್ಯಾರೇಜಿಗೆ ಹೋದಾಗ ಮೇಸ್ತ್ರಿಗೆ ಎರಡು ಮಾತು ಹೇಳಿ: ರಬ್ಬರಿಗೆ ಕರಿ ಆಯಿಲ್ ಬೇಡ, ಬುಷ್‌ನ ಬೋಲ್ಟನ್ನು ಮೊದಲು ಸಡಿಲವಾಗಿ ಹಾಕಿ, ಗಾಡಿ ನೆಲಕ್ಕಿಳಿಸಿ, ನಾಲ್ಕು ಸಲ ಕುಲುಕಿಸಿ, ಚಕ್ರದ ಮೇಲೆ ಭಾರ ಇರುವಾಗಲೇ ಪೂರ್ತಿ ಬಿಗಿಯಲಿ. ಇದಕ್ಕೆ ಹೆಚ್ಚಿನ ಖರ್ಚಿಲ್ಲ.